ಹಳೆಯ ಕ್ಯಾಮೆರಾಕ್ಕೆ ‘ಹೊಂದುವ’ ಲೆನ್ಸೋ, ‘ಕೂಡುವ’ ಲೆನ್ಸೋ?

ಬೆಳಗಾವಿಯಿಂದ:

ಮಾನ್ಯರೇ, ಇಲ್ಲಿನ ಖಡೇಬಜಾರದ ಹತ್ತಿರ ಹಳೆಯ ರೀಲ್ ಕ್ಯಾಮೆರಾಗಳನ್ನು ಕೊಂಡು ಮಾರುವ ಪರಿಚಿತರೊಬ್ಬರು ಅಂಗಡಿಯ ಫಲಕಕ್ಕೆ ಬರಹ ಕೇಳಿದ್ದಾರೆ. ಫಲಕ ಬರೆಯುವವರು ನಾಳೆ ಸಂಜೆ ಬರುತ್ತಾರೆ. ‘ಕಂಪ್ಯಾಟಿಬಲ್ ಲೆನ್ಸ್’ ಎಂಬುದಕ್ಕೆ ಯಂತ್ರಾನುವಾದವು ‘ಹೊಂದಾಣಿಕೆಯ ಮಸೂರಗಳು’ ಎಂದು ಕೊಟ್ಟಿದೆ. ಹೊಂದಾಣಿಕೆ ಎಂದೊಡನೆ ಚುನಾವಣೆಯ ಸೀಟು ಹಂಚಿಕೆಯೋ ಅತ್ತೆ ಸೊಸೆಯರ ರಾಜಿಯೋ ನೆನಪಾಗುತ್ತದೆಯೇ ಹೊರತು ಕ್ಯಾಮೆರಾ ಅಲ್ಲ. ‘ಹೊಂದುವ ಲೆನ್ಸ್’ ಎನ್ನಬಹುದೇ, ಅಥವಾ ನಮ್ಮ ಕಡೆಯ ಮಾತಿನಂತೆ ‘ಕೂಡುವ ಲೆನ್ಸ್’ ಎನ್ನಬಹುದೇ? ಲೆನ್ಸ್ ಬಂದು ಕೂಡುವ ಲೋಹದ ಬಳೆಗೆ, ಅಂದರೆ ಮೌಂಟಿಗೆ, ಬೆಲೆಯ ಚೀಟಿಯ ಮೇಲೆ ಬರೆಯಲು ಒಂದು ಪದವೂ ಬೇಕಾಗಿದೆ.

ವಿಜಯಪುರದಿಂದ:

‘ಹೊಂದು’ ಹಳಗನ್ನಡದ ‘ಪೊಂದು’. ತಮಿಳಿನ ‘ಪೊರುಂದು’ ಅದರ ನೆಂಟ. ಇಂಥ ಪದ ಮನೆಯಲ್ಲಿರುವಾಗ ಬೇರೆಯದನ್ನು ಹುಡುಕುವುದು ವ್ಯರ್ಥ. ‘ಲೆನ್ಸ್’ ಎಂಬುದನ್ನು ಮಾತ್ರ ತೆಗೆದುಹಾಕಿ. ಲ್ಯಾಟಿನ್ನಿನಲ್ಲಿ ಆ ಪದದ ಅರ್ಥ ಮಸೂರ ಬೇಳೆಯೇ. ನಡುವೆ ಉಬ್ಬಿ ಅಂಚಿನಲ್ಲಿ ತೆಳುವಾದ ಆ ಕಾಳಿನ ಆಕಾರದಿಂದಲೇ ಗಾಜಿಗೆ ಹೆಸರು ಬಂದಿದೆ. ಪೀನ ಮಸೂರ, ನಿಮ್ನ ಮಸೂರಗಳನ್ನು ಶಾಲೆಯ ಮಕ್ಕಳು ಬಲ್ಲರು. ಗಿರಾಕಿಗೆ ತಿಳಿಯದು ಎನ್ನುವುದು ಬರೆಯುವವರ ಸೋಮಾರಿತನ. ಮೌಂಟಿಗೆ ‘ಕೂಡುಬಳೆ’ ಎನ್ನಿ, ಮುಗಿಯಿತು.

ಬಾಗಲಕೋಟೆಯಿಂದ:

ಮುಗಿದಿಲ್ಲ. ಪದದ ವಂಶಾವಳಿಯಿಂದ ಗಿರಾಕಿಯ ಹಣ ಉಳಿಯುವುದಿಲ್ಲ. ಹಳೆಯ ಕ್ಯಾಮೆರಾದ ವ್ಯವಹಾರದಲ್ಲಿ ಕೂಡುವುದು ಬೇರೆ, ಹೊಂದುವುದು ಬೇರೆ. ನಿಕಾನ್‌ನ ಎಫ್ ಮೌಂಟ್ 1959ರಿಂದ ಇದೆ. ಆದರೆ 1977ರ ಎಐ ಪದ್ಧತಿಗಿಂತ (ಲೆನ್ಸಿನ ರಂಧ್ರದ ಅಳತೆ ಕ್ಯಾಮೆರಾಕ್ಕೆ ತಾನಾಗಿ ತಿಳಿಯುವ ಏರ್ಪಾಡು) ಹಿಂದಿನ, ಮಾರ್ಪಡಿಸದ ಲೆನ್ಸನ್ನು ಎಫ್‌ಎಂ2 ಕ್ಯಾಮೆರಾಕ್ಕೆ ಒತ್ತಿ ತಿರುಗಿಸಿದರೆ, ದ್ಯುತಿರಂಧ್ರದ, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯ, ಅಳತೆಯನ್ನು ಬೆಳಕಿನ ಮಾಪಕಕ್ಕೆ ಮುಟ್ಟಿಸುವ, ಕ್ಯಾಮೆರಾದ ಪುಟ್ಟ ಕೊಂಡಿ ಮುರಿಯಬಹುದು. ಅದೇ ಲೆನ್ಸ್ ಎಫ್‌ಎಂ ಕ್ಯಾಮೆರಾಕ್ಕೆ ನಿರಪಾಯವಾಗಿ ಕೂಡುತ್ತದೆ, ಏಕೆಂದರೆ ಅದರ ಕೊಂಡಿಯನ್ನು ಮೇಲಕ್ಕೆ ಮಡಚಿಡಬಹುದು. ಆದರೂ ಬೆಳಕನ್ನು ಅಳೆಯುವಾಗಲೆಲ್ಲ ರಂಧ್ರವನ್ನು ಕೈಯಿಂದಲೇ ಕಿರಿದುಗೊಳಿಸಬೇಕು. ಇದನ್ನು ಹೊಂದುವುದು ಎನ್ನುವಿರಾ?

ಎಂ42 ಎಂಬ ತಿರುಪಿನ ಮೌಂಟಿನ ಲೆನ್ಸ್‌ಗಳು ಪೆಂಟಾಕ್ಸ್ ಕೆ1000ಕ್ಕೆ ನೇರವಾಗಿ ಕೂಡುವುದಿಲ್ಲ, ಆದರೆ ನಡುವೆ ಸರಿಯಾದ ಅಡಾಪ್ಟರ್ ಬಳೆಯೊಂದನ್ನು ಹಾಕಿದರೆ ದೂರದ ಬೆಟ್ಟವೂ ಸ್ಪಷ್ಟವಾಗಿ ಮೂಡುತ್ತದೆ, ಏಕೆಂದರೆ ಮೌಂಟಿನಿಂದ ಫಿಲ್ಮಿನವರೆಗಿನ ದೂರ ಎರಡರಲ್ಲೂ 45.46 ಮಿ.ಮೀ. ಕ್ಯಾನನ್ನಿನ ಕಥೆ ತದ್ವಿರುದ್ಧ: ಹಳೆಯ ಎಫ್‌ಡಿ ಮೌಂಟಿನಲ್ಲಿ ಆ ದೂರ 42 ಮಿ.ಮೀ., 1987ರ ಇಎಫ್ ಮೌಂಟಿನಲ್ಲಿ 44. ಒಂದೇ ಕಂಪನಿಯ ಹೆಸರಿದ್ದರೂ, ಗಾಜಿಲ್ಲದ ಬರೀ ಬಳೆಯಿಂದ ಜೋಡಿಸಿದ ಎಫ್‌ಡಿ ಲೆನ್ಸ್ ಇಎಫ್ ಕ್ಯಾಮೆರಾದಲ್ಲಿ ಫಿಲ್ಮಿನಿಂದ ಇರಬೇಕಾದ್ದಕ್ಕಿಂತ ದೂರ ಉಳಿದು ದೂರದ ವಸ್ತುವನ್ನು ಮಸುಕಾಗಿಯೇ ತೋರಿಸುತ್ತದೆ. ಆದ್ದರಿಂದ ಫಲಕಕ್ಕೆ ‘ಹೊಂದುವ’ ಸಾಕು. ಚೀಟಿಯಲ್ಲಿ ‘ಕೂಡುತ್ತದೆ’, ‘ಬಳೆಯೊಂದಿಗೆ ಕೂಡುತ್ತದೆ’, ‘ಮಾಪಕ ನಡೆಯದು’ ಎಂದು ಬಿಡಿಸಿ ಬರೆಯಲೇಬೇಕು.

ಮಸೂರವನ್ನು ನಾನು ಬೇಡವೆನ್ನುವುದಿಲ್ಲ, ಅದರ ಜಾಗ ಬೇರೆ. 50 ಮಿ.ಮೀ. ಲೆನ್ಸಿನ ಕೊಳವೆಯೊಳಗೆ ಸಾಮಾನ್ಯವಾಗಿ ಐದಾರು ಮಸೂರಗಳಿರುತ್ತವೆ. ‘ಲೆನ್ಸಿನ ಹಿಂದಿನ ಮಸೂರಕ್ಕೆ ಬೂಷ್ಟು ಹಿಡಿದಿದೆ’ ಎಂಬ ವಾಕ್ಯವನ್ನು ಎರಡು ಪದಗಳಿಲ್ಲದೆ ನೀವು ಹೇಗೆ ಬರೆಯುವಿರಿ?

ವಿಜಯಪುರದಿಂದ:

‘ಮಸೂರ ಕೊಳವೆ’ ಎಂದು ಬರೆಯುವೆ. ಹೀಗೆ ಒಂದೊಂದಕ್ಕೂ ಇಂಗ್ಲಿಷನ್ನು ಬಿಟ್ಟುಕೊಂಡರೆ ಫಲಕದಲ್ಲಿ ಕನ್ನಡವಾಗಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಬಾಗಲಕೋಟೆಯಿಂದ:

ಮಸೂರ ಸಂಸ್ಕೃತದ್ದು ಎಂಬುದು ತಮಗೆ ತಿಳಿಯದ್ದೇನಲ್ಲ. ಮರಾಠಿಯ ನಲವತ್ತರಿಂದ ಹುಟ್ಟಿದ ಚಾಳೀಸನ್ನು ಮೂಗಿನ ಮೇಲೆ ಏರಿಸಿಕೊಂಡು ಲೆನ್ಸನ್ನು ಮಾತ್ರ ಹೊಸ್ತಿಲಾಚೆ ನಿಲ್ಲಿಸುವ ನ್ಯಾಯ ನನಗೆ ಅರ್ಥವಾಗುವುದಿಲ್ಲ. ‘ಕೂಡುಬಳೆ’ಗೂ ನನ್ನ ಒಪ್ಪಿಗೆಯಿಲ್ಲ: ನಡುವೆ ಹಾಕುವ ಅಡಾಪ್ಟರನ್ನೇ ಜನ ಬಳೆ ಎನ್ನುತ್ತಿರುವಾಗ, ಮೌಂಟನ್ನೂ ಬಳೆ ಎಂದರೆ ಗಿರಾಕಿ ಬೇಡದ್ದನ್ನು ಕೊಂಡು ಹೋಗುತ್ತಾನೆ.

ಬೆಳಗಾವಿಯಿಂದ:

ಇಬ್ಬರಿಗೂ ವಂದನೆಗಳು. ಫಲಕಕ್ಕೆ ‘ಹಳೆಯ ರೀಲ್ ಕ್ಯಾಮೆರಾಗಳು ಮತ್ತು ಅವುಗಳಿಗೆ ಹೊಂದುವ ಲೆನ್ಸ್‌ಗಳು’ ಎಂದು ಕೊಡುತ್ತಿದ್ದೇನೆ. ಚೀಟಿಯಲ್ಲಿ ‘ಮೌಂಟ್’ ಹಾಗೆಯೇ ಉಳಿಯುತ್ತದೆ. ಅದರ ಕೆಳಗೆ ಯಾವ ಕ್ಯಾಮೆರಾಕ್ಕೆ ಕೂಡುತ್ತದೆ, ಮಾಪಕ ನಡೆಯುತ್ತದೆಯೋ ಇಲ್ಲವೋ ಎಂಬ ಎರಡು ಸಾಲುಗಳಿರುತ್ತವೆ. ‘ಮಸೂರ ಕೊಳವೆ’ಯನ್ನು ಅಂಗಡಿಯವರಿಗೆ ಓದಿ ಹೇಳಿದಾಗ ಅವರು ಅದನ್ನು ದುರ್ಬೀನು ಎಂದು ತಿಳಿದರು.