ಓದುಗರ ಸ್ಪಂದನ: ‘ನಾಲ್ಕು ಜನ ಸೇರಿದರೆ ಎದೆ ಡವಡವ ಅನ್ನುತ್ತೆ’

(ಈ ಪತ್ರಗಳು 2022ರ ಜನವರಿಯವು; ನಿಯಮಗಳೂ ಆಗಿನವು.)

ತುಮಕೂರಿನ ಓದುಗರೊಬ್ಬರ ಸಮಸ್ಯೆ: ಕೊರೊನಾದ ಹೊಸ ರೂಪ ಓಮಿಕ್ರಾನ್ ಬಂದಮೇಲೆ ಮತ್ತೆ ರಾತ್ರಿ ಕರ್ಫ್ಯೂ, ವಾರಾಂತ್ಯ ಕರ್ಫ್ಯೂ. ದೊಡ್ಡಮ್ಮನ ಮೊಮ್ಮಗುವಿನ ನಾಮಕರಣವನ್ನು ಸಮುದಾಯ ಭವನದಲ್ಲಿ ಇಟ್ಟುಕೊಂಡಿದ್ದಾರೆ. ನಮ್ಮ ಅತ್ತೆಗೆ 68 ವರ್ಷ, ಸಕ್ಕರೆ ಕಾಯಿಲೆ, ಉಬ್ಬಸ ಎರಡೂ ಇವೆ. ಹೋಗಲು ಭಯ, ಹೋಗದಿದ್ದರೆ ಸಂಕಟ. ‘ಲಸಿಕೆ ಎರಡು ಡೋಸ್ ಆಗಿದೆ, ಸುಮ್ನೆ ಆಡ್ತೀಯ’ ಅನ್ನುತ್ತಾರೆ ಎಲ್ಲರೂ. ಏನು ಮಾಡಲಿ?

ಓದುಗರ ಉತ್ತರಗಳು:

ಗೃಹಿಣಿ, ತಿಪಟೂರು

ಅಕ್ಕ, ನೀವು ಸುಮ್ನೆ ಆಡ್ತಾ ಇಲ್ಲ. ನನಗೂ ಹೀಗೇ ಆಗುತ್ತೆ. 2021ರ ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲೇ ಒಂದು ಶಾಸ್ತ್ರ ಇಟ್ಟುಕೊಂಡಿದ್ದೆವು, ಮೂವತ್ತೇ ಜನ, ಎಲ್ಲ ನಮ್ಮವರೇ, ಆದರೆ ವಾರದೊಳಗೆ ಒಬ್ಬೊಬ್ಬರಾಗಿ ಜ್ವರ ಬಂದು ಮಲಗಿದರು, ಚಿಕ್ಕಪ್ಪ ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ. ಈಗಲೂ ವಾಲಗದ ಸದ್ದು ಕೇಳಿದರೆ ಹೊಟ್ಟೆ ಕಲಸುತ್ತೆ.

ಆಮೇಲೆ ಯಾರು ಕರೆದರೂ ನೆಪ ಹೇಳುತ್ತಿದ್ದೆ. ತಲೆನೋವು, ಮಕ್ಕಳ ಪರೀಕ್ಷೆ, ಹೀಗೆ ಏನೋ ಒಂದು. ಅದೇ ನಾನು ಮಾಡಿದ ತಪ್ಪು. ನೆಪ ಅಂತ ಅವರಿಗೆ ಗೊತ್ತಾಯಿತು, ಬೇಜಾರು ಮಾಡಿಕೊಂಡರು, ಈಗ ಮಾತು ಕಡಿಮೆಯಾಗಿದೆ. ನೀವು ಹಾಗೆ ಮಾಡಬೇಡಿ. ಇವತ್ತೇ ಫೋನ್ ಮಾಡಿ, ‘ದೊಡ್ಡಮ್ಮ, ನನಗೆ ಭಯ ಇದೆ, ಊಟಕ್ಕೆ ನಿಲ್ಲಲ್ಲ, ತೊಟ್ಟಿಲಿಗೆ ಹಾಕೋ ಹೊತ್ತಿಗೆ ಬಂದು ಮಗು ನೋಡಿ ಹೊರಡ್ತೀನಿ’ ಅಂತ ನೇರವಾಗಿ ಹೇಳಿಬಿಡಿ. ಪಂಕ್ತಿಯಲ್ಲೇ ಅಪಾಯ ಜಾಸ್ತಿ, ಅಲ್ಲಿ ಎಲ್ಲರೂ ಮಾಸ್ಕ್ ತೆಗೆದು ಪಕ್ಕಪಕ್ಕ ಕೂತು ಮಾತಾಡುತ್ತಾರೆ. ಭವನದ ಬದಲು ಮನೆ ಮುಂದೆ ಶಾಮಿಯಾನ ಹಾಕಿಸಬಹುದಾ ಅಂತಲೂ ಕೇಳಿ ನೋಡಿ. ಮದುವೆಗೇ ಈಗ ಒಳಗಾದರೆ 100, ಬಯಲಲ್ಲಾದರೆ 200 ಜನ ಅಂತ ಸರ್ಕಾರ ಮಿತಿ ಹಾಕಿದೆ. ಗಾಳಿ ಆಡುವ ಕಡೆ ಎಳೆ ಮಗುವಿಗೂ ಒಳ್ಳೆಯದು, ಅಲ್ವಾ?

ವಿದ್ಯಾರ್ಥಿನಿ, ತುಮಕೂರು

ನಾನೂ ಗೆಳತಿಯರ ಹುಟ್ಟುಹಬ್ಬಕ್ಕೆ ಹೋಟೆಲಿಗೆ ಹೋಗುವುದು ಬಿಟ್ಟಿದ್ದೇನೆ. ಅದರ ಬದಲು ವಾರದ ದಿನ ಬೆಳಿಗ್ಗೆ ಅಮಾನಿಕೆರೆ ಹತ್ತಿರ ಸೇರಿ ನಡೆಯುತ್ತೇವೆ. ಮೊದಲು ನಕ್ಕರು, ಈಗ ಅವರೇ ಕರೆಯುತ್ತಾರೆ.

ನರ್ಸ್, ಗುಬ್ಬಿ

ಎರಡು ಡೋಸ್ ಆದವರಿಗೂ ಓಮಿಕ್ರಾನ್ ಬರುತ್ತಿದೆ, ಅದು ನಿಜ. ಆದರೆ ಲಸಿಕೆ ಆದವರಿಗೆ ಕಾಯಿಲೆ ಜೋರಾಗುವುದು ಕಡಿಮೆ, ಅದೂ ಅಷ್ಟೇ ನಿಜ. 60 ದಾಟಿ ಸಕ್ಕರೆ ಕಾಯಿಲೆಯಂಥ ತೊಂದರೆ ಇರುವವರಿಗೆ ಜನವರಿ 10ರಿಂದ ಮುನ್ನೆಚ್ಚರಿಕೆ ಡೋಸ್, ಅಂದರೆ ಮೂರನೇ ಡೋಸ್, ಕೊಡುತ್ತಿದ್ದಾರೆ. ಎರಡನೇ ಡೋಸ್ ಆಗಿ 39 ವಾರ ಕಳೆದಿರಬೇಕು. ಅತ್ತೆಯವರ ಚೀಟಿ ತೆಗೆದು ತಾರೀಕು ನೋಡಿ, ಕಳೆದ ಏಪ್ರಿಲ್ ಶುರುವಿನಲ್ಲಿ ಎರಡನೆಯದು ಆಗಿದ್ದರೆ ಈಗಲೇ ಕರೆದುಕೊಂಡು ಹೋಗಿ. ನಿಮಗೆ ಬಟ್ಟೆ ಮಾಸ್ಕ್ ಸಾಲದು, ಮೂಗಿನ ಮೇಲೆ ಬಿಗಿಯಾಗಿ ಕೂರುವ ಎನ್-95 ಹಾಕಿ.

ಎದೆ ಡವಡವ ನಿಲ್ಲದೆ ನಿದ್ದೆಯೂ ಕೆಡುತ್ತಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ. ನಾಚಿಕೆ ಬೇಡ. ಎರಡನೇ ಅಲೆ ಮುಗಿದಮೇಲೆ ನಾನೂ ಹೋಗಿದ್ದೆ. ರಾತ್ರಿ ಫೋನ್ ಸದ್ದಾದರೆ ಎದ್ದು ಕೂರುತ್ತಿದ್ದವಳು ಈಗ ನಿದ್ದೆ ಮಾಡುತ್ತಿದ್ದೇನೆ.

ನಿವೃತ್ತ ಶಿಕ್ಷಕ, ಶಿರಾ

ಮಗಳೇ, ನಿನ್ನ ಪತ್ರ ಎರಡು ಸಲ ಓದಿದೆ. ಹೋಗು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ನನ್ನ ಕಡೆಯದನ್ನು ಸ್ವಲ್ಪ ಕೇಳು.

ಕಳೆದ ಮೇ ತಿಂಗಳಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಲಾಕ್‌ಡೌನ್ ಇತ್ತು, ನಾನೂ ಮಗನೂ ಇಬ್ಬರೇ ನಿಂತು ಎಲ್ಲ ಮುಗಿಸಿದೆವು. ಅದಕ್ಕೆ ಯಾರ ಮೇಲೂ ಕೋಪ ಇಲ್ಲ. ಆದರೆ ಎಲ್ಲ ತೆರೆದಮೇಲೂ ನೆಂಟರು ಬರಲಿಲ್ಲ. ಇಷ್ಟು ದಿನ ಆದಮೇಲೆ ಹೋಗಿ ಏನು ಮಾತಾಡೋದು ಅನ್ನುವ ಸಂಕೋಚ ಇರಬೇಕು, ದಸರಾ ಹೋಯಿತು, ದೀಪಾವಳಿ ಹೋಯಿತು, ಮಗ ಬೆಂಗಳೂರಿಗೆ ಹೋದ, ಮನೆಯಲ್ಲಿ ರೇಡಿಯೊ ಬಿಟ್ಟರೆ ಮಾತಿನ ಸದ್ದೇ ಇಲ್ಲ.

ಮೊನ್ನೆ ಸಂಕ್ರಾಂತಿಗೆ ಪಕ್ಕದ ಮನೆ ಹುಡುಗಿ ಬಂದಳು. ಕಾಂಪೌಂಡ್ ಮೇಲೆ ಎಳ್ಳು-ಬೆಲ್ಲದ ಪೊಟ್ಟಣ, ಒಂದು ತುಂಡು ಕಬ್ಬು ಇಟ್ಟಳು. ಮಾಸ್ಕ್ ತೆಗೆಯಲಿಲ್ಲ, ಒಳಗೂ ಬರಲಿಲ್ಲ. ಆಚೆಯೇ ನಿಂತು ಇವತ್ತು ಅಡುಗೆ ಏನು ಮಾಡಿದಿರಿ ತಾತ ಅಂತ ಕೇಳಿದಳು. ಅನ್ನ, ತಿಳಿಸಾರು ಅಂದೆ. ಸ್ವಲ್ಪ ಹೊತ್ತಿಗೆ ಒಂದು ಡಬ್ಬಿಯಲ್ಲಿ ಸಿಹಿ ಪೊಂಗಲ್ ತಂದಿಟ್ಟಳು.

ನಿನ್ನ ಅತ್ತೆಯೂ ಎರಡು ವರ್ಷದಿಂದ ಮನೆಯೊಳಗೇ ಇದ್ದಾರೆ, ಅವರಿಗೆ ಬೇರೆ ಮುಖ ನೋಡುವ ಆಸೆ ಇಲ್ವಾ, ಒಮ್ಮೆ ಕೇಳು. ಜಗುಲಿಯಲ್ಲಿ ಎರಡು ಕುರ್ಚಿ ದೂರ ದೂರ ಹಾಕಿಡು. ನಾಮಕರಣ ಮುಗಿದು ಗಲಾಟೆ ತಣ್ಣಗಾದಮೇಲೆ ದೊಡ್ಡಮ್ಮನನ್ನು ಒಂದು ಮಧ್ಯಾಹ್ನ ಅಲ್ಲಿಗೆ ಕರೆ.