ಹಳೇ ಟ್ರ್ಯಾಕ್ಟರ್ ಹಬ್ ಸವೆದಿದೆ, ಪಾಂಡವಪುರ-ಮಂಡ್ಯ ಕಡೆ ಒಳ್ಳೆ ಲೇತ್‌ನವರು ಬೇಕು

ನಮಸ್ಕಾರ. ತೆಂಗಿನ ತೋಟಕ್ಕೆ ಅಪ್ಪನ ಕಾಲದ ಸಣ್ಣ ಗಾರ್ಡನ್ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದೇನೆ. ಈಗ ಬಲಗಡೆ ಹಿಂದಿನ ಚಕ್ರ ಆಡುತ್ತಿದೆ. ರಿವರ್ಸ್ ಹಾಕಿದರೆ 'ಟಕ್' ಅಂತ ಸದ್ದು, ಆಮೇಲೆ ಚಕ್ರ ತಿರುಗುತ್ತದೆ. ಬಿಚ್ಚಿ ನೋಡಿದರೆ ಹಬ್ (ಆಕ್ಸಲ್ ಮೇಲೆ ಕೂರುವ ಚಕ್ರದ ನಡುಭಾಗ) ಒಳಗೆಲ್ಲ ಕುಂಕುಮದಂಥ ತುಕ್ಕಿನ ಪುಡಿ. ತೂತು ಮೊಟ್ಟೆ ಆಕಾರಕ್ಕೆ ಬಂದಿದೆ, 25 ಮಿ.ಮೀ. ಆಕ್ಸಲ್‌ನ ಕೀ (ಹಬ್ ಆಕ್ಸಲ್ ಮೇಲೆ ಜಾರದಂತೆ ಹಿಡಿಯುವ ಲೋಹದ ತುಂಡು) ಕೂರುವ ತೋಡು ಅಗಲವಾಗಿದೆ. ಹೊಸ ಕೀ ಹಾಕಿದೆ, ವಾರಕ್ಕೇ ಕತ್ತರಿಸಿಹೋಯಿತು. ಡಬ್ಬದ ತಗಡು ಸುತ್ತಿಯೂ ನೋಡಿದೆ, ನಗಬೇಡಿ, ಎರಡು ದಿನ ಓಡಿತು!

ಇಲ್ಲೊಬ್ಬರು ಆಕ್ಸಲ್‌ಗೆ ವೆಲ್ಡಿಂಗ್ ತುಂಬಿ ಲೇತ್‌ನಲ್ಲಿ ಕಡೆಯೋಣ ಅಂತಾರೆ. ಬಿಸಿಗೆ ಆಕ್ಸಲ್ ಸೊಟ್ಟಗಾದರೆ ಸೀಲ್, ಬೇರಿಂಗ್ ಎಲ್ಲ ಹಾಳು ಅಲ್ವಾ? ಹಬ್ ಬೇರೆ ಬೀಡು ಕಬ್ಬಿಣ, ಸುಮ್ನೆ ವೆಲ್ಡ್ ಮಾಡಿದರೆ ಬಿರುಕು ಬಿಡುತ್ತದೆ. ನನಗನ್ನಿಸುವುದು, ಹಬ್ ತೂತು ದೊಡ್ಡದು ಮಾಡಿ ಉಕ್ಕಿನ ಬುಷ್ (ಕೊಳವೆಯಂಥ ಒಳಪಟ್ಟಿ) ಒತ್ತಿ ಕೂರಿಸಿ, ಆಕ್ಸಲ್ ಎದುರು ಬದಿಗೆ ಹೊಸ ಕೀ ತೋಡು ಹೊಡೆಸುವುದೇ ಸರಿ.

ಹೀಗೆ ಮಾಡಿಸಿದವರು ಇದ್ದೀರಾ? ಬುಷ್ ದಪ್ಪ ಎಷ್ಟಿತ್ತು? ಮಂಡ್ಯದಲ್ಲಿ ಸ್ಲಾಟಿಂಗ್ ಮಷೀನ್ (ತೂತಿನ ಒಳಗೆ ಕೀ ತೋಡು ಕೊರೆಯುವ ಯಂತ್ರ) ಇರುವ ವರ್ಕ್‌ಶಾಪ್ ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ಮೈಸೂರಿಗೇ ತರುತ್ತೇನೆ. ಕಳೆ ಮೊಣಕಾಲು ಮುಟ್ಟಿದೆ.