ಆಟಕ್ಕೆ ಹೊಸ ರಾಜ್ಯ ಸೇರಿಸಿದವರು ಅನುಭವ ಹೇಳಿ

ಹೊಸಬ: ಕ್ರುಸೇಡರ್ ಕಿಂಗ್ಸ್ 3 ಎಂಬ ಕಂಪ್ಯೂಟರ್ ಆಟಕ್ಕೆ ಐಹೊಳೆಯ ಹೆಸರಿನ ಹಳೆಯ ವರ್ತಕ ಸಂಘ ಅಯ್ಯಾವೊಳೆ ಐನೂರ್ವರನ್ನು ಸೇರಿಸುವ ಮಾಡ್ (ಆಟಗಾರರೇ ಆಟಕ್ಕೆ ಮಾಡುವ ಮಾರ್ಪಾಡು) ಮಾಡಬೇಕೆಂದಿದ್ದೇನೆ. 2024ರ ‘ರೋಡ್ಸ್ ಟು ಪವರ್’ ವಿಸ್ತರಣೆ ಬಂದ ಮೇಲೆ ನೆಲವಿಲ್ಲದವರಾಗಿಯೂ ಆಡಬಹುದು. 1066ರ ಆರಂಭ ಇವರಿಗೆ ಹೇಳಿ ಮಾಡಿಸಿದ ಕಾಲ. 1088ರಲ್ಲಿ ಸುಮಾತ್ರದ ಬಾರುಸ್ ಬಳಿ ಇವರ ಶಾಸನವೇ ಇದೆ. ಆದರೆ ಆಟ ವಂಶವನ್ನು ಕೇಳುತ್ತದೆ, ಸಂಘಕ್ಕೆ ವಂಶವಿಲ್ಲ. ನಾಯಕನಾಗಿ ಯಾರನ್ನು ಇಡಲಿ?

ಬಿದನೂರು ಕೋಟೆ: ನಾನು ಯೂರೋಪಾ ಯೂನಿವರ್ಸಾಲಿಸ್ 4 ಎಂಬ ಆಟಕ್ಕಾಗಿ ಕೆಳದಿ ನಾಯಕರನ್ನು ಕಟ್ಟಿದವನು. ಆಟ ಶುರುವಾಗುವುದು 1444ರಲ್ಲಿ, ಚೌಡಪ್ಪ ನಾಯಕ ತಲೆಯೆತ್ತುವುದು 1499ರಲ್ಲಿ. ಅಷ್ಟು ವರ್ಷ ವಿಜಯನಗರ ಉಳಿದಿದ್ದರೆ ತಾನೇ ಅದರೊಳಗಿಂದ ಕೆಳದಿ ಹುಟ್ಟುವುದು? ಕಂಪ್ಯೂಟರ್ ಕೈಗೆ ಬಿಟ್ಟರೆ ಬಹಮನಿಗಳು ಅದನ್ನು ಮೊದಲೇ ನುಂಗುತ್ತಿದ್ದರು. ಮಲೆನಾಡನ್ನು ಬೇರೆ ಪ್ರಾಂತ್ಯವಾಗಿ ಕತ್ತರಿಸಲು 5632×2048ರ ನಕ್ಷೆಯಲ್ಲಿ ಒಂದೊಂದೇ ಚುಕ್ಕೆಗೆ (ಪಿಕ್ಸೆಲ್) ಬಣ್ಣ ತುಂಬಿದೆ, ಒಂದು ಪ್ರಾಂತ್ಯಕ್ಕೆ ಒಂದು ಬಣ್ಣ. ಒಂದು ಚುಕ್ಕೆಯ ಬಣ್ಣ ತಪ್ಪಿದರೆ ಶರಾವತಿ ಕಣಿವೆಯಲ್ಲಿ ಬೇರೆ ಯಾವುದೋ ಖಂಡದ ತುಣುಕು ಬಂದು ಕೂರುತ್ತದೆ. ಧ್ವಜಕ್ಕೆ ಕೆಳದಿ ರಾಮೇಶ್ವರ ದೇವಾಲಯದ ಗಂಡಭೇರುಂಡವನ್ನು ನೋಡಿ ಚಿತ್ರ ಬರೆಯಿಸಿದೆ, ಕಲಾವಿದರಿಗೆ ಕೈಯಿಂದ ಹಣ ಕೊಟ್ಟೆ. ಅದನ್ನು 128 ಚುಕ್ಕೆಯ ಚೌಕಕ್ಕೆ ಇಳಿಸಿದಾಗ ಎರಡು ತಲೆ ಒಂದಾಗಿ ಕೋಳಿಯಂತೆ ಕಂಡಿತು. ಮತ್ತೆ ಬರೆಯಿಸಿದೆ, ಮತ್ತೆ ಹಣ. ಅಷ್ಟಾದ ಮೇಲೆ ಯಾರೋ ಬಂದು ‘ಇದು ಮೈಸೂರಿನ ಲಾಂಛನ, ಕದ್ದಿದ್ದೀರಿ’ ಎಂದು ಬರೆದರು. ದೇವಾಲಯದ ಛಾವಣಿ ನೋಡಿ ಬನ್ನಿ ಎಂದೆ. ಇಂದಿಗೂ ಅದೇ ಮಾತು ಹೇಳುತ್ತೇನೆ.

ಬಸರೂರಿನವಳು: ಕೋಟೆಯವರ ಮಾಡ್ ಆಡಿದ್ದೇನೆ. ಘಟ್ಟದ ಮೇಲೆ ಇಕ್ಕೇರಿ, ಬಿದನೂರು ಎಂದು ಬೇರೆ ಬೇರೆ ಪ್ರಾಂತ್ಯ. ಕರಾವಳಿ ಪೂರ್ತಿ ಒಂದೇ ಬಣ್ಣ! ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರು ಎಲ್ಲ ಒಂದೇ ಬಂದರೇ? ಗೋವೆಯ ಪೋರ್ಚುಗೀಸರು ಊಟ ಮಾಡಿದ್ದು ನಮ್ಮ ಅಕ್ಕಿ, ಹಡಗು ತುಂಬಿಸಿದ್ದು ನಮ್ಮ ಬಂದರುಗಳ ಮೆಣಸು. 1665ರಲ್ಲಿ ಶಿವಾಜಿ ಸಮುದ್ರದ ಮೇಲೆ ಬಂದು ಬಸರೂರನ್ನು ಸೂರೆಮಾಡಿದ್ದು ಬರಿಗೈಯಲ್ಲಿ ಹೋಗಲಿಕ್ಕಲ್ಲ. ನಾನು ಉಳ್ಳಾಲವನ್ನು ಒಂದೇ ಪ್ರಾಂತ್ಯದ ಸ್ವತಂತ್ರ ರಾಜ್ಯವಾಗಿ ಮಾಡಿದೆ. ಹಡಗು ಕಟ್ಟಲು ಖಜಾನೆ ಸಾಲದು, ಸಾಲ ಎತ್ತಿದರೆ ಬಡ್ಡಿಗೆ ಸೇನೆ ಕರಗುತ್ತದೆ. ಆರಂಭದ ಹಣ ಹೆಚ್ಚಿಸಿದರೆ ‘ಮೋಸ’ ಎನ್ನುತ್ತಾರೆ, ಇಳಿಸಿದರೆ ಪೋರ್ಚುಗೀಸರು ಮೊದಲ ಯುದ್ಧದಲ್ಲೇ ಮುಗಿಸುತ್ತಾರೆ. ಆದರೂ ಅಬ್ಬಕ್ಕನ ರಾಜ್ಯವನ್ನು ಇನ್ನೊಬ್ಬರ ಸಾಮಂತ ಎಂದು ಬರೆಯಲು ನನ್ನ ಕೈ ಬರಲಿಲ್ಲ.

ಬಿದನೂರು ಕೋಟೆ: ಕೈ ಬರದಿದ್ದರೆ ಇತಿಹಾಸ ಬದಲಾಗುವುದಿಲ್ಲ ಮೇಡಂ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಇಕ್ಕೇರಿಗೂ ಉಳ್ಳಾಲದ ರಾಣಿಯ ಬಳಿಗೂ ಹೋಗಿದ್ದ. ಮಂಗಳೂರಿನ ಬಂಗರಸನಿಗೆ ಪೋರ್ಚುಗೀಸರ ಬೆಂಬಲ, ರಾಣಿಗೆ ಕೆಳದಿಯ ವೆಂಕಟಪ್ಪ ನಾಯಕನ ಬೆಂಬಲ. ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ಕೊನೆಗೆ ಕಿತ್ತುಕೊಂಡವನೂ ಕೆಳದಿಯ ಶಿವಪ್ಪ ನಾಯಕ.

ಬಸರೂರಿನವಳು: ನೆರವು ಪಡೆದವರೆಲ್ಲ ಸಾಮಂತರೇ? ಹಾಗಾದರೆ ಕೆಳದಿ ಚೆನ್ನಮ್ಮನ ಆಶ್ರಯ ಪಡೆದ ಶಿವಾಜಿಯ ಮಗ ರಾಜಾರಾಮನೂ ಕೆಳದಿಯ ಸಾಮಂತನೆಂದು ಬರೆದುಕೊಳ್ಳಿ.

ಟೊರಾಂಟೊ ಕನ್ನಡಿಗ: ಇಬ್ಬರೂ ಸತ್ತ ರಾಜರ ಗಡಿಗೆ ಜಗಳವಾಡುತ್ತಿದ್ದೀರಿ, ಬದುಕಿರುವ ಜನರನ್ನು ಮರೆತಿದ್ದೀರಿ. ಸಿವಿಲೈಸೇಶನ್ 5 ಆಟಕ್ಕೆ ಅಮೆರಿಕದ ಮೂಲನಿವಾಸಿ ಪ್ಯೂಬ್ಲೋ ಜನರನ್ನು ಅವರ ನಾಯಕ ಪೋಪೆಯೊಂದಿಗೆ ತರಲು ಅದರ ತಯಾರಕರು ಹೊರಟಾಗ ಪ್ಯೂಬ್ಲೋ ಮುಖಂಡರೇ ಬೇಡವೆಂದರು. ಅವರ ಬದಲು ಇನ್ನೊಂದು ಮೂಲನಿವಾಸಿ ಜನಾಂಗ ಶೋಶೋನಿಗಳು ಬಂದರು. 2018ರಲ್ಲಿ ಆರನೆಯ ಆವೃತ್ತಿಗೆ ಕೆನಡಾದ ಮೂಲನಿವಾಸಿ ಕ್ರೀ ಜನರ ನಾಯಕ ಪೌಂಡ್‌ಮೇಕರ್ ಬಂದಾಗ, ನೆಲ ಗೆಲ್ಲುವ ಆಟ ನಮ್ಮ ಬಾಳಿನ ರೀತಿಯೇ ಅಲ್ಲ ಎಂದು ಕ್ರೀ ಮುಖಂಡರೊಬ್ಬರು ಇಲ್ಲಿ ಬಹಿರಂಗವಾಗಿ ಆಕ್ಷೇಪಿಸಿದರು. ನಾನು ಇಲ್ಲಿನ ಇನ್ನೊಂದು ಮೂಲನಿವಾಸಿ ಜನಾಂಗ ಹೈಡಾ ಜನರಿಗಾಗಿ ದೋಣಿ, ದೇವದಾರು ಕಂಬ ಎಲ್ಲ ಬರೆಯಿಸಿ ಸಿದ್ಧಮಾಡಿದ್ದ ಮಾಡ್ ಅನ್ನು ಅದಕ್ಕೇ ಹೊರಬಿಡಲಿಲ್ಲ. ಕೊಟ್ಟ ಹಣ ಹೋಯಿತು, ಹೋಗಲಿ.

ಬಿದನೂರು ಕೋಟೆ: ಹೊರಬಿಡದ ಮಾಡ್ ಇಟ್ಟುಕೊಂಡು ಹೊರಬಿಟ್ಟವರಿಗೆ ಉಪದೇಶವೇ?

ಹೊಸಬ: ದಯವಿಟ್ಟು ನನ್ನ ಪ್ರಶ್ನೆಗೆ ಬನ್ನಿ. ನಾಯಕ ಯಾರು?

ಶಾಸನಪ್ರಿಯ: ರಾಜನನ್ನು ಹುಡುಕಬೇಡಿ. ವಡ್ಡವ್ಯವಹಾರಿ (ಹಿರಿಯ ವರ್ತಕ), ಪಟ್ಟಣಸ್ವಾಮಿ (ಪಟ್ಟಣದ ವರ್ತಕ ಮುಖಂಡ) ಎಂಬ ಬಿರುದುಗಳು ಶಾಸನಗಳಲ್ಲೇ ಇವೆ. ಅವನ್ನು ಪದವಿಯಾಗಿಸಿ, ಒಬ್ಬ ವರ್ತಕನ ಮನೆತನದಿಂದ ಶುರುಮಾಡಿ. ನಾನು ಇಂಥದೇ ವರ್ತಕರಾದ ನಾನಾದೇಸಿಗಳನ್ನು ಸೇರಿಸಿದಾಗ ಸಿಕ್ಕಿಕೊಂಡದ್ದು ಬೇರೆ ಕಡೆ: ಆಟ ಒಂದೇ ಸಂಸ್ಕೃತಿ ಆರಿಸು ಎನ್ನುತ್ತದೆ. ಬಾರುಸ್ ಶಾಸನ ತಮಿಳಿನದು. ಸಂಘದ ಶಾಸನಗಳು ಕನ್ನಡದಲ್ಲೂ ತೆಲುಗಿನಲ್ಲೂ ಇವೆ. ಕನ್ನಡವೆಂದು ಗುರುತಿಸಿದೆ, ಚೆನ್ನೈಯಿಂದ ಬಂದ ಬೈಗುಳ ಇನ್ನೂ ನಿಂತಿಲ್ಲ.

ಬಸರೂರಿನವಳು: ಕನ್ನಡವೆಂದೇ ಇಡಿ. ಹೆಸರೇ ಐಹೊಳೆಯದು.

ಟೊರಾಂಟೊ ಕನ್ನಡಿಗ: ಸಮುದ್ರ ದಾಟಿ ವ್ಯಾಪಾರ ಮಾಡಿದವರಿಗೆ ಒಂದೇ ಊರಿನ ಬೇಲಿಯೇ? ನಾನು ತಮಿಳೆಂದೇ ಇಡುತ್ತೇನೆ.

ಬಸರೂರಿನವಳು: ಇಡಿ ನೋಡೋಣ. ಮೊದಲು ಯಾವುದಾದರೂ ಒಂದು ಮಾಡ್ ಹೊರಬಿಡಿ.